ಇಂಜೆಕ್ಟರ್ ಲೆಕ್ಕ ಮೊದಲು, ಆಕ್ಸಿಜನ್ ಸೆನ್ಸರ್ ಆಮೇಲೆ: ಹೊರಗಿನ ಇಸಿಯು ಹಾಕಿಸಿದವರಿಗೆ

ಕಾರಿಗೆ ಹೊರಗಿನ ಇಸಿಯು (ಕಂಪನಿ ಕೊಟ್ಟದ್ದಲ್ಲದ, ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿಸಿದವರು ಮೊದಲು ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಲ್ಯಾಪ್‌ಟಾಪ್ ಪಕ್ಕದ ಸೀಟಿಗೆ ಬರುತ್ತದೆ. ಬಣ್ಣಬಣ್ಣದ ವಿಇ ಟೇಬಲ್, ಅಂದರೆ ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಎಂಬ ಅಂಕಿಗಳ ಪಟ್ಟಿ, ತೆರೆದುಕೊಳ್ಳುತ್ತದೆ. ಒಬ್ಬರು ಓಡಿಸುವುದು, ಇನ್ನೊಬ್ಬರು ಅಂಕಿ ಏರಿಸುವುದು, ಇಳಿಸುವುದು. ಸುರತ್ಕಲ್ ಹೈವೇಯಲ್ಲಿ ಎರಡು ಸುತ್ತು ಹೊಡೆದರೆ ಗಾಡಿ ಚೆನ್ನಾಗಿಯೇ ಎಳೆಯುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಹೆಡ್‌ಲೈಟ್ ಹಾಕಿದರೆ ಐಡ್ಲಿಂಗ್ ಕುಸಿಯುತ್ತದೆ, ಎಸಿ ಹಾಕಿದರೆ ಆಫ್ ಆಗುತ್ತದೆ. ಆಗ ಎಂತ ಮಾಡುವುದು? ಮತ್ತೆ ಅದೇ ಟೇಬಲ್ ತಿದ್ದುವುದು.

ತೊಂದರೆ ಟೇಬಲ್‌ನಲ್ಲಿ ಇರುವುದೇ ಇಲ್ಲ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಂಥದ್ದು ಎಂದು ಇಸಿಯುಗೆ ನಾವು ಸರಿಯಾಗಿ ಹೇಳಿರುವುದಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೊಡುವ ಅಂಕಿ ನಿಜವೇ ಎಂದು ನೋಡಿರುವುದಿಲ್ಲ. ಆ ಎರಡು ತಪ್ಪನ್ನು ಮೂರನೇ ಕಡೆ ಸರಿಮಾಡಲು ಹೊರಟರೆ ಒಂದು ಕಡೆ ಮುಚ್ಚಿದ್ದು ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ.

ನಮ್ಮ ಕಡೆ ಈ ಕೆಲಸಕ್ಕೆ ಕೈ ಹಾಕುವವರು ಕಮ್ಮಿ ಏನಿಲ್ಲ. ಆಟೋಕ್ರಾಸ್, ರ‍್ಯಾಲಿ ಅಂತ ಹಳೆಯ ಮಾರುತಿ ಎಸ್ಟೀಮ್, ಜಿಪ್ಸಿ ಕಟ್ಟುವವರಿದ್ದಾರೆ. ಮಣಿಪಾಲದ ಎಂಐಟಿಯಲ್ಲಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಫಾರ್ಮುಲಾ ಸ್ಟೂಡೆಂಟ್ ಕಾರು ಕಟ್ಟುವ ವಿದ್ಯಾರ್ಥಿಗಳಿದ್ದಾರೆ. ಆರ್ಡುಯಿನೋ ಬೋರ್ಡ್ ಮೇಲೆ ನಡೆಯುವ ಸ್ಪೀಡುಯಿನೋ ಆಗಲಿ, ಮೆಗಾಸ್ಕ್ವರ್ಟ್ ಆಗಲಿ, ಆಸ್ಟ್ರೇಲಿಯಾದ ದುಬಾರಿ ಹಾಲ್ಟೆಕ್ ಆಗಲಿ, ಇಸಿಯು ಯಾವುದೇ ಇರಲಿ, ಒಳಗಿನ ಲೆಕ್ಕ ಬಹುಮಟ್ಟಿಗೆ ಒಂದೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಸ್ತೆಗೆ ನೋಂದಣಿ ಆದ ಗಾಡಿಯನ್ನು ಕಂಪನಿ ಕೊಟ್ಟ ಸ್ವರೂಪದಿಂದ ಬೇಕಾದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಇಲ್ಲಿ ಹೇಳುವುದೆಲ್ಲ ಸ್ಪರ್ಧೆಯ ಗಾಡಿಗೆ, ಕಾಲೇಜಿನ ಪ್ರಾಜೆಕ್ಟಿಗೆ.

ಇಸಿಯು ಮಾಡುವ ಲೆಕ್ಕ

ಎಸ್ಟೀಮ್‌ನ 1298 ಸಿಸಿ ಎಂಜಿನ್ನನ್ನೇ ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರ್, ಒಂದಕ್ಕೆ ಸುಮಾರು 325 ಸಿಸಿ. ಮಂಗಳೂರಿನ 30 ಡಿಗ್ರಿ ಸೆಖೆಯಲ್ಲಿ, 100 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ, ಒಂದು ಲೀಟರ್ ಗಾಳಿ ಸುಮಾರು 1.15 ಗ್ರಾಂ ತೂಗುತ್ತದೆ. ಹಾಗಾದರೆ ಒಂದು ಸಿಲಿಂಡರ್ ಪೂರ್ತಿ ತುಂಬಿದರೆ 0.37 ಗ್ರಾಂ ಗಾಳಿ. ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಬೇಕು. ಅಂದರೆ ಒಂದು ಸಲಕ್ಕೆ ಬೇಕಾದ ಪೆಟ್ರೋಲ್ ಬರೀ 25 ಮಿಲಿಗ್ರಾಂ.

ಇಂಜೆಕ್ಟರ್ ನಿಮಿಷಕ್ಕೆ 240 ಸಿಸಿ ಬಿಡುವಂಥದ್ದು ಅಂದುಕೊಳ್ಳಿ. ತೂಕಕ್ಕೆ ತಿರುಗಿಸಿದರೆ ಒಂದು ಮಿಲಿಸೆಕೆಂಡಿಗೆ ಹತ್ತಿರ ಹತ್ತಿರ 3 ಮಿಲಿಗ್ರಾಂ. ಆ 25 ಮಿಲಿಗ್ರಾಂ ಬಿಡಲು ಸುಮಾರು 8.5 ಮಿಲಿಸೆಕೆಂಡ್ ತೆರೆದಿರಬೇಕು. ಸ್ಪೀಡುಯಿನೋ, ಮೆಗಾಸ್ಕ್ವರ್ಟ್‌ಗಳಲ್ಲಿ ‘ರಿಕ್ವೈರ್ಡ್ ಫ್ಯೂಯಲ್’ ಎಂದು ಕೇಳುವುದು ಇದನ್ನೇ.

ಎಂಜಿನ್ ಯಾವಾಗಲೂ ಪೂರ್ತಿ ಗಾಳಿ ಎಳೆಯುವುದಿಲ್ಲ. ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಲ್ಲಿ ಒತ್ತಡ ಎಷ್ಟಿದೆ ಎಂದು ಮ್ಯಾಪ್ ಸೆನ್ಸರ್ ಹೇಳುತ್ತದೆ. ಆ ಒತ್ತಡದಲ್ಲಿ, ಆ ಆರ್‌ಪಿಎಂನಲ್ಲಿ ಸಿಲಿಂಡರ್ ಎಷ್ಟು ಶೇಕಡಾ ತುಂಬುತ್ತದೆ ಎಂದು ವಿಇ ಟೇಬಲ್ ಹೇಳುತ್ತದೆ. ಗಾಳಿಯ ಬಿಸಿಯ ಲೆಕ್ಕವೂ ಸೇರುತ್ತದೆ. ಎಲ್ಲವನ್ನೂ ಆ 8.5ಕ್ಕೆ ಗುಣಿಸಿದರೆ ಇಂಜೆಕ್ಟರ್ ತೆರೆದಿರಬೇಕಾದ ಸಮಯ ಸಿಗುತ್ತದೆ. ಲೆಕ್ಕವೆಲ್ಲ ನಿಂತಿರುವುದು ಇಂಜೆಕ್ಟರ್ ಅಂಕಿಯ ಮೇಲೆ. ಅದೇ ತಪ್ಪಿದ್ದರೆ ವಿಇ ಟೇಬಲ್ ಎಂಜಿನ್ ಉಸಿರಾಟದ ಚಿತ್ರವಾಗಿ ಉಳಿಯುವುದಿಲ್ಲ. ತಪ್ಪುಗಳನ್ನು ಸುರಿಯುವ ಬುಟ್ಟಿ ಆಗಿಬಿಡುತ್ತದೆ.

ದೊಡ್ಡ ಇಂಜೆಕ್ಟರ್ ಹಾಕಿಸಿದರೆ ಪಿಕಪ್ ಜಾಸ್ತಿ ಎಂಬ ನಂಬಿಕೆ ಇನ್ನೂ ಇದೆ. ಸುಮ್ನೆ ದುಡ್ಡು ದಂಡ. 6500 ಆರ್‌ಪಿಎಂನಲ್ಲಿ ಎಂಜಿನ್ನಿನ ಒಂದು ಪೂರ್ತಿ ಸುತ್ತಿಗೆ, ಅಂದರೆ ಕ್ರ್ಯಾಂಕ್‌ನ ಎರಡು ತಿರುಗಾಟಕ್ಕೆ, 18.5 ಮಿಲಿಸೆಕೆಂಡ್ ಸಮಯವಿರುತ್ತದೆ. ಅದರಲ್ಲಿ ಶೇ. 80ರಿಂದ 85ರವರೆಗೆ ಇಂಜೆಕ್ಟರ್ ತೆರೆದಿದ್ದರೆ ಪರವಾಗಿಲ್ಲ. ನಮ್ಮ 240 ಸಿಸಿಯದ್ದು ಆಗ ಅರ್ಧ ಸಮಯವಷ್ಟೇ ತೆರೆದಿರುತ್ತದೆ. ಟರ್ಬೊ ಇಲ್ಲದ ಎಸ್ಟೀಮಿಗೆ ಅದೇ ಧಾರಾಳ.

ಡೆಡ್ ಟೈಮ್

ಹೆಚ್ಚಿನವರು ಎಡವುವುದು ಇಲ್ಲಿ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ರೈಟ್’ ಅಂದ ತಕ್ಷಣ ಬಸ್ ಹೊರಡುವುದಿಲ್ಲ. ಗೇರ್ ಬೀಳಬೇಕು, ಕ್ಲಚ್ ಬಿಡಬೇಕು. ಇಂಜೆಕ್ಟರ್ ಕೂಡ ಹಾಗೆ. ಇಸಿಯು ಕರೆಂಟ್ ಕೊಟ್ಟ ಮೇಲೆ ಕಾಯಿಲ್‌ನಲ್ಲಿ ಕಾಂತ ಬಲ ಏರಬೇಕು, ಒಳಗಿನ ಸೂಜಿ ಏಳಬೇಕು, ಆಮೇಲೆ ಪೆಟ್ರೋಲ್ ಬರಬೇಕು. ಮುಚ್ಚುವಾಗಲೂ ಸ್ವಲ್ಪ ತಡವಾಗುತ್ತದೆ. ತೆರೆಯುವ ತಡದಲ್ಲಿ ಮುಚ್ಚುವ ತಡ ಕಳೆದರೆ ಉಳಿಯುವುದೇ ಡೆಡ್ ಟೈಮ್. ಅಷ್ಟು ಹೊತ್ತು ಕರೆಂಟ್ ಕೊಟ್ಟದ್ದಕ್ಕೆ ಪೆಟ್ರೋಲ್ ಸಿಗುವುದಿಲ್ಲ. ಇಸಿಯು ಅದನ್ನು ಲೆಕ್ಕದ ಮೇಲೆ ಸೇರಿಸಿಯೇ ಕೊಡಬೇಕು.

ಸಾಮಾನ್ಯ ಇಂಜೆಕ್ಟರ್‌ಗೆ 14 ವೋಲ್ಟ್‌ನಲ್ಲಿ ಇದು 1 ಮಿಲಿಸೆಕೆಂಡಿನ ಆಸುಪಾಸು. ವೋಲ್ಟೇಜ್ ಇಳಿದಂತೆ ಏರುತ್ತದೆ. ಒಂದು ಮಾದರಿಗೆ ಹೇಳುವುದಾದರೆ 14 ವೋಲ್ಟ್‌ಗೆ 0.9, 12ಕ್ಕೆ 1.2, 10ಕ್ಕೆ 1.8 ಮಿಲಿಸೆಕೆಂಡ್. ನಿಮ್ಮ ಇಂಜೆಕ್ಟರ್‌ನ ಅಂಕಿ ಬೇರೆಯೇ ಇರುತ್ತದೆ, ಆದರೆ ಗೆರೆಯ ಇಳಿಜಾರು ಹೀಗೇ.

0.2 ಮಿಲಿಸೆಕೆಂಡ್ ತಪ್ಪಾದರೆ ಏನಾಗುತ್ತದೆ ನೋಡಿ. ಫುಲ್ ಥ್ರಾಟಲ್‌ನಲ್ಲಿ 8.5ರ ಎದುರು 0.2 ಅಂದರೆ ಶೇ. 2 ಚಿಲ್ಲರೆ. ಗೊತ್ತೇ ಆಗುವುದಿಲ್ಲ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ 35 ಕಿಲೋಪ್ಯಾಸ್ಕಲ್, ವಿಇ 55 ಇದ್ದರೆ ನಿಜವಾಗಿ ಪೆಟ್ರೋಲ್ ಬರುವ ಸಮಯ 1.6 ಮಿಲಿಸೆಕೆಂಡ್ ಮಾತ್ರ. ಅಲ್ಲಿ ಅದೇ 0.2 ಅಂದರೆ ಶೇ. 12ರಷ್ಟು ತಪ್ಪು! ಈಗ 550 ಸಿಸಿಯ ದೊಡ್ಡ ಇಂಜೆಕ್ಟರ್ ಹಾಕಿ. ಐಡ್ಲಿಂಗ್ ಸಮಯ 0.7 ಮಿಲಿಸೆಕೆಂಡಿಗೆ ಇಳಿಯುತ್ತದೆ, ತಪ್ಪು ಶೇ. 28ಕ್ಕೆ ಏರುತ್ತದೆ. ಹೈವೇಯಲ್ಲಿ ಚೆನ್ನಾಗಿ ಓಡಿದ ಗಾಡಿ ನಂತೂರು ಸಿಗ್ನಲ್‌ನಲ್ಲಿ ಆಫ್ ಆಗುವುದಕ್ಕೆ ಕಾರಣ ಇದು. ಹೆಡ್‌ಲೈಟ್ ಹಾಕಿದಾಗ ಐಡ್ಲಿಂಗ್ ಬೀಳುವುದಕ್ಕೂ ಇದೇ ಕಾರಣ ಇರಬಹುದು. ವೋಲ್ಟೇಜ್ ಅರ್ಧ ವೋಲ್ಟ್ ಇಳಿದಾಗ ಡೆಡ್ ಟೈಮ್ ಏರಿದ್ದು ಇಸಿಯುಗೆ ಗೊತ್ತಾಗಲಿಲ್ಲ.

ಇಂಜೆಕ್ಟರ್ ಮಾಡಿದ ಕಂಪನಿಯ ಡೇಟಾ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಯಾವ ಒತ್ತಡದಲ್ಲಿ ಅಳೆದದ್ದು ಎಂಬುದನ್ನೂ ನೋಡಿ. ಡೇಟಾ ಇಲ್ಲದಿದ್ದರೆ ಎಂಜಿನ್ ಮೇಲೆಯೇ ಒಂದು ಪರೀಕ್ಷೆ ಮಾಡಬಹುದು. ಗಾಡಿ ಪೂರ್ತಿ ಬಿಸಿಯಾಗಲಿ. ಆಕ್ಸಿಜನ್ ಸೆನ್ಸರ್‌ನ ತಿದ್ದುಪಡಿ ಆಫ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಈಗ ಒಂದು ಸುತ್ತಿಗೆ ಒಂದು ಸಲ ಬಿಡುವ ಪೆಟ್ರೋಲನ್ನು ಎರಡು ಸಲ ಬಿಡುವಂತೆ ಸೆಟ್ಟಿಂಗ್ ಬದಲಿಸಿ. ಒಟ್ಟು ಪೆಟ್ರೋಲ್ ಅಷ್ಟೇ ಇರಬೇಕು, ಆದರೆ ಡೆಡ್ ಟೈಮ್ ಎರಡು ಸಲ ಸೇರುತ್ತದೆ. ಸೆನ್ಸರ್ ತೋರಿಸುವ ಲ್ಯಾಂಬ್ಡಾ (ಗಾಳಿ–ಪೆಟ್ರೋಲ್ ಹದದ ಅಂಕಿ, ಸರಿಯಾದ ಹದಕ್ಕೆ 1) ಅಲುಗಾಡದಿದ್ದರೆ ನಿಮ್ಮ ಅಂಕಿ ಸರಿ. ಲೀನ್ (ಪೆಟ್ರೋಲ್ ಕಮ್ಮಿ) ಕಡೆ ಹೋದರೆ ನೀವು ಹಾಕಿದ ಡೆಡ್ ಟೈಮ್ ಕಮ್ಮಿ, ರಿಚ್ (ಪೆಟ್ರೋಲ್ ಜಾಸ್ತಿ) ಕಡೆ ಹೋದರೆ ಡೆಡ್ ಟೈಮ್ ಜಾಸ್ತಿ. ಆಮೇಲೆ ಹೆಡ್‌ಲೈಟ್, ಬ್ಲೋವರ್, ಹಿಂದಿನ ಡಿಫಾಗರ್ ಒಂದೊಂದೇ ಹಾಕಿ ವೋಲ್ಟೇಜ್ ಇಳಿಸಿ ನೋಡಿ. ಆಗಲೂ ಲ್ಯಾಂಬ್ಡಾ ನಿಂತಲ್ಲೇ ನಿಂತರೆ ವೋಲ್ಟೇಜ್ ಗೆರೆಯೂ ಸರಿ ಇದೆ.

ಒತ್ತಡದ ವಿಷಯ

ಇಂಜೆಕ್ಟರ್ ಮೇಲೆ ಬರೆದ ಸಿಸಿ ಅಂಕಿ ಸಾಮಾನ್ಯವಾಗಿ 3 ಬಾರ್ ಒತ್ತಡದ್ದು. ಒತ್ತಡ ಬದಲಾದರೆ ಅದರ ವರ್ಗಮೂಲದಷ್ಟು ಹರಿವು ಬದಲಾಗುತ್ತದೆ. 240 ಸಿಸಿಯದ್ದಕ್ಕೆ 4 ಬಾರ್ ಕೊಟ್ಟರೆ 277 ಸಿಸಿ. ಇಲ್ಲಿ ಒತ್ತಡ ಅಂದರೆ ಇಂಜೆಕ್ಟರ್‌ನ ಹಿಂದೆ ಮತ್ತು ಮೂತಿಯ ಮುಂದೆ ಇರುವ ಒತ್ತಡಗಳ ವ್ಯತ್ಯಾಸ.

ಉಳಿದ ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪ್ ಇರುವ ಹಳೆಯ ವ್ಯವಸ್ಥೆಯಲ್ಲಿ ಒತ್ತಡ ಹಿಡಿದಿಡುವ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ಪೈಪ್ ಬರುತ್ತದೆ. ಅದು ಈ ವ್ಯತ್ಯಾಸವನ್ನು ಸದಾ 3 ಬಾರ್‌ನಲ್ಲೇ ಇಡುತ್ತದೆ. ರಿಟರ್ನ್ ಇಲ್ಲದ ಹೊಸ ವ್ಯವಸ್ಥೆಯಲ್ಲಿ ಹಾಗಿಲ್ಲ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಎಳೆತ ಸೇರಿ ವ್ಯತ್ಯಾಸ 3.65 ಬಾರ್ ಆಗುತ್ತದೆ, ಹರಿವು ಶೇ. 10 ಜಾಸ್ತಿಯಾಗುತ್ತದೆ. ನಿಮ್ಮದು ಯಾವುದು ಎಂದು ಇಸಿಯುಗೆ ಹೇಳಲೇಬೇಕು. ಆ ವ್ಯಾಕ್ಯೂಮ್ ಪೈಪ್ ಹರಿದಿದ್ದರೂ ಫಲ ಇದೇ. ಹಳೆಯ ಗಾಡಿಯಲ್ಲಿ ಮೊದಲು ಆ ರಬ್ಬರ್ ಪೈಪ್ ಬದಲಿಸಿಬಿಡಿ, ದೊಡ್ಡ ಖರ್ಚೇನಿಲ್ಲ.

ಇಂಜೆಕ್ಟರ್‌ನ ಓಮ್ ಅಳೆಯುವುದು ಎರಡು ನಿಮಿಷದ ಕೆಲಸ. 12ರಿಂದ 16 ಓಮ್ ಇದ್ದರೆ ನೇರವಾಗಿ ಜೋಡಿಸಬಹುದು. 2–3 ಓಮ್ ಇದ್ದರೆ ಮೊದಲು ಜಾಸ್ತಿ ಕರೆಂಟ್ ಕೊಟ್ಟು ಆಮೇಲೆ ಇಳಿಸುವ ಪೀಕ್ ಅಂಡ್ ಹೋಲ್ಡ್ ಡ್ರೈವರ್ ಬೇಕು, ಇಲ್ಲವೇ ರೆಸಿಸ್ಟರ್ ಬೇಕು. ಬರೀ ಜೋಡಿಸಿದರೆ ಇಸಿಯು ಡ್ರೈವರ್ ಸುಟ್ಟೀತು. ಗುಜರಿಯಿಂದ ತಂದ ಇಂಜೆಕ್ಟರ್ ಆದರೆ ಗಾಜಿನ ಟ್ಯೂಬ್‌ಗಳಿರುವ ಇಂಜೆಕ್ಟರ್ ಕ್ಲೀನಿಂಗ್ ಮಷಿನ್‌ನಲ್ಲಿ ನಾಲ್ಕನ್ನೂ ಹಾಕಿಸಿ, ಒಂದೇ ಅಳತೆ ಬರುತ್ತದೆಯೇ ನೋಡಿ. ಒಂದು ಸಿಲಿಂಡರ್ ಲೀನ್ ಇದ್ದು ಮೂರು ರಿಚ್ ಇದ್ದರೆ ಸೆನ್ಸರ್ ತೋರಿಸುವುದು ನಾಲ್ಕರ ಸರಾಸರಿಯನ್ನು. ಲೀನ್ ಸಿಲಿಂಡರ್‌ನ ಪಿಸ್ಟನ್ ಕರಗುವಾಗಲೂ ಮೀಟರ್ ಎಲ್ಲ ಸರಿ ಎನ್ನುತ್ತಿರುತ್ತದೆ.

ಸೆನ್ಸರ್ ನೋಡುವುದು ಆಮ್ಲಜನಕವನ್ನು ಮಾತ್ರ

1976ರಲ್ಲಿ ವೋಲ್ವೊ ಕಾರಿನಲ್ಲಿ ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ ಮೊದಲ ಸಲ ಮಾರುಕಟ್ಟೆಗೆ ಬಂತು. ಹಳೆಯ ಗಾಡಿಗಳ ಸೈಲೆನ್ಸರ್ ಪೈಪಿನಲ್ಲಿ ಈಗಲೂ ಇರುವುದು ಅದೇ ತಳಿ. ಅದಕ್ಕೆ ನ್ಯಾರೋಬ್ಯಾಂಡ್ ಎನ್ನುತ್ತಾರೆ. ಲ್ಯಾಂಬ್ಡಾ 1ಕ್ಕಿಂತ ಕಮ್ಮಿ, ಅಂದರೆ ರಿಚ್ ಇದ್ದರೆ 0.9 ವೋಲ್ಟ್ ಹತ್ತಿರ, ಲೀನ್ ಇದ್ದರೆ 0.1 ವೋಲ್ಟ್ ಹತ್ತಿರ ಕೊಡುತ್ತದೆ. ನಡುವೆ 0.45ರ ಸುತ್ತ ಧಡಕ್ಕನೆ ಹಾರುತ್ತದೆ. ರಿಚ್ ಎಂದು ಹೇಳುತ್ತದೆ, ಎಷ್ಟು ರಿಚ್ ಎಂದು ಹೇಳುವುದಿಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಲು ಇಷ್ಟು ಸಾಕು. ಫುಲ್ ಥ್ರಾಟಲ್‌ನಲ್ಲಿ ನಮಗೆ ಬೇಕಾದದ್ದು ಲ್ಯಾಂಬ್ಡಾ 0.85ರಿಂದ 0.88. ಅಲ್ಲಿ ನ್ಯಾರೋಬ್ಯಾಂಡ್ ನಂಬಿ ಟ್ಯೂನ್ ಮಾಡುವವರ ಧೈರ್ಯಕ್ಕೆ ನಮಸ್ಕಾರ.

ವೈಡ್‌ಬ್ಯಾಂಡ್ ಸೆನ್ಸರ್, ಉದಾಹರಣೆಗೆ ಬಾಷ್ ಎಲ್‌ಎಸ್‌ಯು 4.9, ಬೇರೆ ಬಗೆಯದು. ಅದರೊಳಗೆ ಸಣ್ಣದೊಂದು ಕೋಣೆ ಇದೆ. ಆ ಕೋಣೆಯ ಗಾಳಿಯನ್ನು ಸದಾ ಲ್ಯಾಂಬ್ಡಾ 1ರಲ್ಲಿ ಇಡಲು ಆಮ್ಲಜನಕವನ್ನು ಒಳಗೆ ಇಲ್ಲವೇ ಹೊರಗೆ ಪಂಪ್ ಮಾಡಬೇಕು. ಪಂಪ್ ಮಾಡಲು ಎಷ್ಟು ಕರೆಂಟ್ ಬೇಕಾಯಿತು ಎಂಬುದೇ ಅಳತೆ. ಇದೆಲ್ಲ ನಡೆಯಲು ಸೆನ್ಸರ್ 780 ಡಿಗ್ರಿ ಬಿಸಿಯಲ್ಲಿರಬೇಕು. ಹಾಗಾಗಿ ಹೀಟರ್ ಇದೆ, ಅದನ್ನೆಲ್ಲ ನಡೆಸಲು ಕಂಟ್ರೋಲರ್ ಬೇಕು. ಸೆನ್ಸರ್‌ನ ಕನೆಕ್ಟರ್ ಒಳಗೆ ಆ ಸೆನ್ಸರ್‌ಗೆಂದೇ ಹೊಂದಿಸಿದ ರೆಸಿಸ್ಟರ್ ಇರುತ್ತದೆ. ವೈರ್ ಸಾಲದು ಎಂದು ಕನೆಕ್ಟರ್ ಕತ್ತರಿಸಿ ಎಸೆದರೆ ಅಳತೆಯನ್ನೂ ಎಸೆದಂತೆ.

ಸೆನ್ಸರ್‌ಗೆ ಪೆಟ್ರೋಲ್ ಕಾಣುವುದಿಲ್ಲ ಎಂಬುದನ್ನು ಮರೆಯಬಾರದು. ಪ್ಲಗ್ ಸರಿ ಇಲ್ಲದೆ ಮಿಸ್‌ಫೈರ್ ಆದರೆ ಉರಿಯದ ಆಮ್ಲಜನಕ ಹಾಗೇ ಹೊರಗೆ ಬರುತ್ತದೆ. ಸಿಲಿಂಡರ್‌ನಲ್ಲಿ ಪೆಟ್ರೋಲ್ ತುಂಬಿ ತುಳುಕುತ್ತಿದ್ದರೂ ಸೆನ್ಸರ್ ಲೀನ್ ಎನ್ನುತ್ತದೆ. ಇಸಿಯು ಇನ್ನಷ್ಟು ಸುರಿಯುತ್ತದೆ, ಮಿಸ್‌ಫೈರ್ ಇನ್ನಷ್ಟು ಜಾಸ್ತಿಯಾಗುತ್ತದೆ. ಸೆನ್ಸರ್‌ಗಿಂತ ಮುಂಚೆ ಹೊಗೆ ಹೋಗುವ ಕಡೆಯ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದ್ದರೂ ಹೀಗೇ. ಲೀನ್ ಕಂಡಾಗ ಮೊದಲು ಪ್ಲಗ್, ಗ್ಯಾಸ್ಕೆಟ್ ನೋಡಿ.

ವೋಲ್ಟ್‌ನಿಂದ ಲ್ಯಾಂಬ್ಡಾಕ್ಕೆ

ಕಂಟ್ರೋಲರ್ ಇಸಿಯುಗೆ 0ರಿಂದ 5 ವೋಲ್ಟ್ ಕಳಿಸುತ್ತದೆ. ಯಾವ ವೋಲ್ಟ್‌ಗೆ ಯಾವ ಅಂಕಿ ಎಂಬುದು ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಎಇಎಂ ಕಂಪನಿಯ ಹಳೆಯ ಗೇಜ್‌ನಲ್ಲಿ 2.5 ವೋಲ್ಟ್ ಅಂದರೆ ಗಾಳಿ–ಪೆಟ್ರೋಲ್ ಅನುಪಾತ 15.0. ಅದೇ ಕಂಪನಿಯ ಎಕ್ಸ್ ಸೀರೀಸ್‌ನಲ್ಲಿ 2.5 ವೋಲ್ಟ್ ಅಂದರೆ 13.25. ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಮೇಲಿನ ಸಾಲಿನ ಬದಲು ಕೆಳಗಿನ ಸಾಲು ಒತ್ತಿದರೆ ಟ್ಯೂನಿಂಗ್ ಪೂರ್ತಿ ಶೇ. 12ರಷ್ಟು ಹೊರಗೆ. ಗೇಜ್ ತೋರಿಸುವ ಅಂಕಿ, ಲ್ಯಾಪ್‌ಟಾಪ್ ತೋರಿಸುವ ಅಂಕಿ ಎರಡನ್ನೂ ಅಕ್ಕಪಕ್ಕ ಇಟ್ಟು ಐಡ್ಲಿಂಗ್‌ನಲ್ಲೂ ಆರ್‌ಪಿಎಂ ಏರಿಸಿಯೂ ಹೊಂದಿಸಿ ನೋಡಬೇಕು.

ಎರಡೂ ಒಂದಿಷ್ಟು ಬೇರೆ ಬಂದು, ಆ ವ್ಯತ್ಯಾಸ ಹೆಡ್‌ಲೈಟ್ ಹಾಕಿದಾಗ ಬದಲಾದರೆ ಅರ್ತ್ ಸರಿ ಇಲ್ಲ ಎಂದೇ ಅರ್ಥ. 0.1 ವೋಲ್ಟ್ ಏರುಪೇರಾದರೆ ಅಳತೆ ಶೇ. 1.5 ತಪ್ಪುತ್ತದೆ, 0.3 ವೋಲ್ಟ್ ಆದರೆ ಶೇ. 5 ಹತ್ತಿರ. ಕಡಲ ಬದಿಯ ಊರಿನಲ್ಲಿ ಇದು ಸಣ್ಣ ಮಾತಲ್ಲ. ಉಪ್ಪಿನ ಗಾಳಿಗೆ ಬಾಡಿ ಮೇಲಿನ ಬೋಲ್ಟ್ ತುಕ್ಕು ಹಿಡಿಯುತ್ತದೆ, ತಾಮ್ರದ ಪಿನ್ ಹಸಿರಾಗುತ್ತದೆ. ಕಂಟ್ರೋಲರ್‌ನ ಸಿಗ್ನಲ್ ಅರ್ತನ್ನು ಬಾಡಿಗೆ ಕೊಡಬೇಡಿ, ಇಸಿಯುವಿನ ಸೆನ್ಸರ್ ಅರ್ತ್‌ಗೇ ಕೊಡಿ. ಹೀಟರ್‌ನ ಅರ್ತ್ ಬೇರೆಯಾಗಿ ಎಂಜಿನ್ ಬ್ಲಾಕ್‌ಗೆ ಹೋಗಲಿ. ಇಸಿಯುಗೂ ಕಂಟ್ರೋಲರ್‌ಗೂ ಕ್ಯಾನ್ (ಅಂಕಿಯನ್ನೇ ಡಿಜಿಟಲ್ ಆಗಿ ಕಳಿಸುವ) ಸಂಪರ್ಕ ಇದ್ದರೆ ಅದನ್ನೇ ಬಳಸಿ, ವೋಲ್ಟ್‌ನ ತಲೆನೋವೇ ಇರುವುದಿಲ್ಲ.

ಸೆನ್ಸರ್ ಕೂರಿಸುವಾಗ ಮೂತಿ ಕೆಳಗೆ, ವೈರ್ ಮೇಲೆ ಬರುವಂತೆ ಓರೆಯಾಗಿ ಇಡಬೇಕು. ಪೈಪಿನ ಅಡಿಯಲ್ಲಿ ಕೂರಿಸಿದರೆ ನೀರು ನಿಲ್ಲುತ್ತದೆ. ಬಿಸಿ ಸೆರಾಮಿಕ್‌ಗೆ ಒಂದು ಹನಿ ತಾಗಿದರೂ ಬಿರುಕು ಬಿಡಬಹುದು. ಜುಲೈ ತಿಂಗಳಲ್ಲಿ ತಣ್ಣಗಿನ ಸೈಲೆನ್ಸರ್‌ನಲ್ಲಿ ನೀರು ಎಷ್ಟು ಕಟ್ಟುತ್ತದೆ ಎಂದು ಬೆಳಿಗ್ಗೆ ಗಾಡಿ ತೆಗೆಯುವವರಿಗೆ ಗೊತ್ತು. ಇಗ್ನಿಷನ್ ಆನ್ ಮಾಡಿದ ಕೂಡಲೇ ಹೀಟರ್ ಪೂರ್ತಿ ಹೊತ್ತಿಕೊಳ್ಳಬಾರದು, ಎಂಜಿನ್ ತಿರುಗಿದ ಮೇಲೆ ಹೊತ್ತಿಕೊಂಡರೆ ಸಾಕು. ಹಾಗೆಂದು ಹೀಟರ್‌ಗೆ ಕರೆಂಟ್ ಕೊಡದೆ ಗಾಡಿ ಓಡಿಸಿದರೆ ಮಸಿ ಹಿಡಿದು ಸೆನ್ಸರ್ ಸಾಯುತ್ತದೆ. ಟರ್ಬೊ ಇದ್ದರೆ ಸೆನ್ಸರ್ ಟರ್ಬೊದ ನಂತರ. ಗ್ಯಾಸ್ಕೆಟ್‌ಗೆ ಬಳಿಯುವ ಸಾದಾ ಸಿಲಿಕೋನ್ ಅಂಟು, ಸೀಸ ಬೆರೆತ ರೇಸ್ ಪೆಟ್ರೋಲ್ ಎರಡೂ ಇದಕ್ಕೆ ವಿಷ.

ಇ20 ಬಂದ ಮೇಲಿನ ಗೊಂದಲ

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ಗೆ 9 ಪಾಲು ಗಾಳಿ ಸಾಕು. ಹಾಗಾಗಿ ಇ20ಗೆ ಸರಿಯಾದ ಅನುಪಾತ 14.7 ಅಲ್ಲ, ಸುಮಾರು 13.5. ನಮ್ಮ 8.5 ಮಿಲಿಸೆಕೆಂಡ್ ಶೇ. 7–8 ಏರಿ 9.1 ಆಗುತ್ತದೆ.

ಗೊಂದಲ ಆಗುವುದು ಗೇಜ್‌ನಲ್ಲಿ. ಇ20 ಸರಿಯಾಗಿ ಉರಿದರೂ ಗೇಜ್ 14.7 ಎಂದೇ ತೋರಿಸುತ್ತದೆ. ಅದು ಅಳೆಯುವುದು ಲ್ಯಾಂಬ್ಡಾ, ತೋರಿಸುವಾಗ ಸುಮ್ನೆ 14.7ರಿಂದ ಗುಣಿಸುತ್ತದೆ ಅಷ್ಟೆ. ಇ20 ಅಲ್ವಾ ಎಂದು, ಎಷ್ಟು ಅನುಪಾತ ಬೇಕೆಂದು ಇಸಿಯುಗೆ ಹೇಳುವ ಟಾರ್ಗೆಟ್ ಟೇಬಲ್‌ನಲ್ಲಿ 13.5 ಬರೆದರೆ ನೀವು ಕೇಳಿದ್ದು ಲ್ಯಾಂಬ್ಡಾ 0.92. ಕ್ರೂಸಿಂಗ್‌ನಲ್ಲೂ ರಿಚ್, ಮೈಲೇಜ್ ಢಮಾರ್. ಎಲ್ಲ ಕಡೆ ಲ್ಯಾಂಬ್ಡಾ ಅಂಕಿಯನ್ನೇ ಇಟ್ಟುಕೊಂಡರೆ ಈ ರಗಳೆ ಇಲ್ಲ. ಕ್ರೂಸಿಂಗ್‌ಗೆ 1, ಪೂರ್ತಿ ಥ್ರಾಟಲ್‌ಗೆ 0.86, ಪೆಟ್ರೋಲ್ ಯಾವುದೇ ಇರಲಿ. ಎಥನಾಲ್ ನೀರನ್ನು ಹೀರುತ್ತದೆ ಎಂಬುದೂ ನೆನಪಿರಲಿ. ಸ್ಪರ್ಧೆಯ ಗಾಡಿಯನ್ನು ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಅರ್ಧ ಟ್ಯಾಂಕ್ ಇಟ್ಟು ನಿಲ್ಲಿಸಿದ್ದರೆ ಹಳೆಯ ಪೆಟ್ರೋಲ್ ತೆಗೆದೇ ಟ್ಯೂನಿಂಗಿಗೆ ಕೂರಬೇಕು.

ತಿದ್ದುಪಡಿ ಬಿಡುವುದು ಕೊನೆಗೆ

ಇಷ್ಟಾದ ಮೇಲೆ ವಿಇ ಟೇಬಲ್. ಅದು ಹದಕ್ಕೆ ಬಂದ ಮೇಲೆ ಕ್ಲೋಸ್ಡ್ ಲೂಪ್, ಅಂದರೆ ಸೆನ್ಸರ್ ನೋಡಿ ಇಸಿಯು ತಾನೇ ಪೆಟ್ರೋಲ್ ತಿದ್ದುವುದು. ಮೊದಲು ಹೆಚ್ಚೆಂದರೆ ಶೇ. 5ರಷ್ಟೇ ತಿದ್ದಲು ಬಿಡಿ. ಎಂಜಿನ್ 70 ಡಿಗ್ರಿ ಬಿಸಿಯಾದ ಮೇಲೆ, ಸ್ಟಾರ್ಟ್ ಆಗಿ ಅರ್ಧ ನಿಮಿಷ ಕಳೆದ ಮೇಲೆ ಶುರುವಾಗಲಿ. ಇಳಿಜಾರಿನಲ್ಲಿ ಕಾಲು ತೆಗೆದಾಗ ಪೆಟ್ರೋಲ್ ನಿಲ್ಲುತ್ತದೆ, ಆಗ ಸೆನ್ಸರ್ ಬರೀ ಗಾಳಿ ನೋಡುತ್ತದೆ. ಆ ಹೊತ್ತಿನ ಅಂಕಿ ಲೆಕ್ಕಕ್ಕೆ ಬರಬಾರದು. ಐಡ್ಲಿಂಗ್‌ನಲ್ಲಿ ಹೊಗೆ ನಿಧಾನವಾಗಿ ಸೆನ್ಸರ್ ತಲುಪುತ್ತದೆ. ಇಸಿಯು ಅವಸರ ಮಾಡಿದರೆ ಆರ್‌ಪಿಎಂ ಮೇಲೆ ಕೆಳಗೆ ತೂಗುತ್ತದೆ. ಅಲ್ಲಿ ತಿದ್ದುವ ವೇಗ ಕಮ್ಮಿ ಇಡಬೇಕು.

ಒಂದು ವಾರ ಓಡಿಸಿ ಲಾಗ್, ಅಂದರೆ ಇಸಿಯು ದಾಖಲಿಸಿಟ್ಟ ಅಂಕಿಗಳನ್ನು, ತೆಗೆದು ನೋಡಿ. ತಿದ್ದುಪಡಿ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಏರಿದ್ದರೆ ಇಂಜೆಕ್ಟರ್ ಸಿಸಿ, ಪೆಟ್ರೋಲ್ ಒತ್ತಡ ಇಲ್ಲವೇ ಇ20 ಲೆಕ್ಕ ತಪ್ಪಿದೆ. ಕೆಳಗಿನ ಲೋಡ್‌ನಲ್ಲಿ ಮಾತ್ರ ಏರಿದ್ದರೆ ಡೆಡ್ ಟೈಮ್. ಆರ್‌ಪಿಎಂ ಏರಿದಂತೆ ಲೀನ್ ಆಗುತ್ತಾ ಹೋದರೆ ಪೆಟ್ರೋಲ್ ಪಂಪ್ ಇಲ್ಲವೇ ಫಿಲ್ಟರ್ ಮೇಲೆ ಕಣ್ಣಿಡಿ. ನಡುವೆ ಎಲ್ಲೋ ನಾಲ್ಕಾರು ಚೌಕಗಳಲ್ಲಿ ಮಾತ್ರ ಏರುಪೇರಿದ್ದರೆ ಆಗ ವಿಇ ಟೇಬಲ್ ತಿದ್ದಿ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದಾಗ ಮಾತ್ರ ವ್ಯತ್ಯಾಸ ಕಂಡರೆ ಬೇರೆ ವಿಷಯ. ಅಲ್ಲಿ ಗಾಳಿಯ ಒತ್ತಡ ಸುಮಾರು 6–7 ಕಿಲೋಪ್ಯಾಸ್ಕಲ್ ಇಳಿಯುತ್ತದೆ. ಕೆಲವು ಇಸಿಯುಗಳು ಕೀ ತಿರುಗಿಸಿದಾಗ ಕಂಡ ಒತ್ತಡವನ್ನೇ ಕೊನೆತನಕ ಹಿಡಿದುಕೊಂಡಿರುತ್ತವೆ.

ಮಳೆ ಶುರುವಾದ ಮೇಲೆ ಟ್ಯೂನಿಂಗ್ ಹಾಳಾಯ್ತು ಎಂಬ ದೂರು ಪ್ರತಿ ವರ್ಷ ಇದ್ದದ್ದೇ. ತೇವದ ಗಾಳಿಯಲ್ಲಿ ನೀರಾವಿ ಆಮ್ಲಜನಕದ ಜಾಗ ತಿನ್ನುವುದು ನಿಜ. 30 ಡಿಗ್ರಿಯಲ್ಲಿ ಶೇ. 90 ತೇವ ಇದ್ದರೆ ಗಾಳಿಯಲ್ಲಿ ನೀರಾವಿಯ ಪಾಲು ಶೇ. 4 ಹತ್ತಿರ. ಮ್ಯಾಪ್ ಸೆನ್ಸರ್‌ಗೆ ಆ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ಎಂಜಿನ್ ಸ್ವಲ್ಪ ರಿಚ್ ಆಗುತ್ತದೆ. ಆದರೆ ಒಣ ದಿನದಲ್ಲೂ ಶೇ. 2ರಷ್ಟು ನೀರಾವಿ ಇದ್ದೇ ಇರುತ್ತದೆ. ಎರಡರ ನಡುವಿನ ಅಂತರ ಶೇ. 2 ಮಾತ್ರ, ಕ್ಲೋಸ್ಡ್ ಲೂಪ್ ಅದನ್ನು ಲೀಲಾಜಾಲವಾಗಿ ನುಂಗುತ್ತದೆ. ಜೂನ್‌ನಲ್ಲಿ ಲಾಗ್ ಶೇ. 8 ತಿದ್ದುಪಡಿ ತೋರಿಸಿದರೆ ಮಳೆಯನ್ನು ದೂರಬೇಡಿ. ಮಲ್ಟಿಮೀಟರ್ ಹಿಡಿದು ಅರ್ತ್ ಬೋಲ್ಟ್ ಹುಡುಕಿ.